ಸೀತಾಳೆ ದಂಡೆಗೆ ಮಣ್ಣು ಹಾಕಬೇಡಿ

ನಾನು ಮೊದಲು ನೆಟ್ಟ ಸೀತಾಳೆ ಗಿಡಕ್ಕೆ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಒಳ್ಳೇ ಕೆಂಪು ಮಣ್ಣು, ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ, ದಿನಾ ಒಂದು ಚೊಂಬು ನೀರು. ಮೂರೇ ವಾರಕ್ಕೆ ಬೇರು ಕೊಳೆತು ಗಿಡ ಕೈಗೇ ಬಂತು. ಅತ್ತೆ ನೋಡಿ, "ಮರದ ಮೇಲಿರೋದನ್ನ ನೆಲಕ್ಕೆ ಇಳಿಸಿದ್ರೆ ಬದುಕ್ತದೇನೇ?" ಎಂದರು.

ನಮ್ಮ ಶಿರಸಿ ಕಡೆ ಮೇ, ಜೂನ್‌ನಲ್ಲಿ ಹಲಸಿನ ಮರದಿಂದ ಬಿಳಿ-ನೇರಳೆ ಚುಕ್ಕಿಯ ಹೂಗೊಂಚಲು ಜೋತಾಡುತ್ತದಲ್ಲ, ಅದೇ ಸೀತಾಳೆ ದಂಡೆ, ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್. ವನವಾಸದಲ್ಲಿ ಸೀತೆ ಮುಡಿದದ್ದಂತೆ. ಪುಸ್ತಕದ ಹೆಸರು ರಿಂಕೋಸ್ಟೈಲಿಸ್ ರೆಟುಸಾ. ಅಸ್ಸಾಮಿನಲ್ಲಿ ಇದು ರಾಜ್ಯದ ಹೂವು, ಬಿಹು ಕುಣಿಯುವ ಹೆಣ್ಣುಮಕ್ಕಳು ಇದನ್ನೇ ಮುಡಿಯುತ್ತಾರೆ. ಹೂವಿಲ್ಲದಾಗ ಗುರುತು ಹಿಡಿಯಲು ಎಲೆಯ ತುದಿ ನೋಡಿ, ಇಲಿ ಕಚ್ಚಿ ಬಿಟ್ಟಂತೆ ಇರುತ್ತದೆ. ಕೆಲವರು ಬಂದಳಿಕೆ ಎಂದುಕೊಂಡು ಕಿತ್ತೆಸೆಯುತ್ತಾರೆ, ಪಾಪ. ಬಂದಳಿಕೆ ಮರದ ರಸ ಹೀರುತ್ತದೆ. ಇದು ಮರದ ಮೇಲೆ ಸುಮ್ನೆ ಕೂತಿರುತ್ತದೆ, ಅಷ್ಟೇ.

ಕಾಡಿನಿಂದ ಕೀಳಬೇಡಿ. ನರ್ಸರಿಯಲ್ಲಿ ಸಿಗುತ್ತದೆ. ನನ್ನ ಎರಡನೇ ಗಿಡ ನಮ್ಮ ತೋಟದಲ್ಲೇ ಗಾಳಿಗೆ ಮುರಿದುಬಿದ್ದ ಕೊಂಬೆಯ ಮೇಲೆ ಸಿಕ್ಕಿತು.

ಕಟ್ಟುವುದಕ್ಕೆ ಒರಟು ತೊಗಟೆಯ ಮರದ ತುಂಡು ಬೇಕು. ಮಾವು, ಹಲಸು ಒಳ್ಳೆಯದು. ಪೇರಲೆ ಬೇಡ, ಅದರ ತೊಗಟೆ ಸಿಪ್ಪೆ ಸಿಪ್ಪೆಯಾಗಿ ಕಳಚುತ್ತದೆ, ಜೊತೆಗೆ ಬೇರೂ ಬಿಟ್ಟುಕೊಳ್ಳುತ್ತದೆ. ಸತ್ತ ಬೇರನ್ನು ಕತ್ತರಿಸಿ ತೆಗೆಯಿರಿ. ಒತ್ತಿದರೆ ಮೆತ್ತಗೆ ಪಿಚಕ್ಕೆನ್ನುವುದು ಸತ್ತ ಬೇರು, ಗಟ್ಟಿ ಇರುವುದು ಜೀವದ್ದು. ಆಮೇಲೆ ಬಾಳೆನಾರಿನಲ್ಲಿ ಬುಡವನ್ನು ಅಲುಗಾಡದಂತೆ ಕಟ್ಟಿ. ನಾರು ಕೊಳೆತು ಉದುರುವ ಹೊತ್ತಿಗೆ ಹೊಸ ಬೇರು ತೊಗಟೆ ಹಿಡಿದಿರುತ್ತದೆ. ತಂತಿ ಹಾಕಿದರೆ ಬೇರು ಕತ್ತರಿಸಿಹೋಗುತ್ತದೆ.

ಗಿಡ ನೆಟ್ಟಗೆ ನಿಲ್ಲದೆ ಸ್ವಲ್ಪ ಓರೆಯಾಗಿ, ತಲೆ ಮುಂದಕ್ಕೆ ಬಾಗಿರುವಂತೆ ಕಟ್ಟಬೇಕು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಇದು ಸುಳಿಯಿಂದ ಮಾತ್ರ ಬೆಳೆಯುವ ಗಿಡ. ಎಲೆಗಳ ನಡುವೆ ನೀರು ನಿಂತು ಸುಳಿ ಕೊಳೆತರೆ ಗಿಡ ಹೋದ ಹಾಗೇ. ಬುಡದಲ್ಲಿ ಮರಿ ಬಂದರೆ ನಿಮ್ಮ ಪುಣ್ಯ.

ನೀರು ಯಾವಾಗ ಹಾಕಬೇಕು ಎಂಬ ಲೆಕ್ಕವನ್ನು ಗಿಡದ ಬೇರೇ ಹೇಳುತ್ತದೆ. ಒಣಗಿದಾಗ ಬೂದಿ ಬಳಿದಂತೆ ಬೆಳ್ಳಗಿರುತ್ತದೆ, ನೀರು ಬಿದ್ದ ತಕ್ಷಣ ಹಸಿರಾಗುತ್ತದೆ. ಹಸಿರಾದರೆ ಸಾಕು, ನಿಲ್ಲಿಸಿ. ಮತ್ತೆ ಬೆಳ್ಳಗಾಗುವ ತನಕ ಮುಟ್ಟಬೇಡಿ. ಚಳಿಗಾಲದಲ್ಲಿ ನಾನು ಎರಡು ದಿನಕ್ಕೊಮ್ಮೆ ಹಾಕುತ್ತೇನೆ, ಮಾರ್ಚ್ ನಂತರ ಬೆಳಿಗ್ಗೆ ಸಂಜೆ ಎರಡು ಹೊತ್ತು. ಮಳೆಗಾಲದಲ್ಲಿ ಒಂದು ಹನಿಯೂ ಇಲ್ಲ. ಬೆಂಗಳೂರಿನ ಬಾಲ್ಕನಿಯಲ್ಲಿಟ್ಟ ನನ್ನ ತಂಗಿಗೆ ಮಾತ್ರ ಈ ಲೆಕ್ಕ ಸಾಲಲಿಲ್ಲ. ಅಲ್ಲಿ ಗಾಳಿ ಒಣ, ಚಳಿಗಾಲದಲ್ಲೂ ದಿನಾ ಹಾಕುತ್ತಾಳೆ.

ಎಲೆ ಕಡುಹಸಿರಾಗಿ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಬೆಳಕು ಸಾಲದು ಎಂದರ್ಥ, ಹೂ ಬಿಡುವುದಿಲ್ಲ. ನಮ್ಮದು ಜಗಲಿಯಲ್ಲಿ ಎರಡು ವರ್ಷ ಹಾಗೇ ಕೂತಿತ್ತು. ಅಂಗಳದ ಮಾವಿನ ಮರದ ಪೂರ್ವ ದಿಕ್ಕಿಗೆ ತೂಗುಹಾಕಿದ ಮೇಲೆ ಎಲೆ ತಿಳಿಹಸಿರಿಗೆ ತಿರುಗಿತು, ಮುಂದಿನ ಮೇ ತಿಂಗಳಿಗೆ ದಂಡೆ ಇಳಿಯಿತು. ಬೆಳಗಿನ ಬಿಸಿಲು, ಆಮೇಲೆ ಎಲೆ ಸೋಸಿದ ಬೆಳಕು, ಜಾಸ್ತಿ ಗಾಳಿ. ಗೊಬ್ಬರ ಅಂದರೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ ಗೊಬ್ಬರ) ಅರ್ಧ ಗ್ರಾಂ, ಒಂದು ಲೀಟರ್ ನೀರಿಗೆ, ಹದಿನೈದು ದಿನಕ್ಕೊಮ್ಮೆ. ಮಳೆ ಹಿಡಿದ ಮೇಲೆ ಅದೂ ಬೇಡ.

ಅಡಿಕೆ ಮರಕ್ಕೆ ಕಟ್ಟಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಗಿಡಕ್ಕೇನೋ ಇಷ್ಟವೇ. ಆದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ವಾ? ಆ ಮೈಲುತುತ್ತದ ನೀರು ಕೆಳಗಿಳಿದು ನನ್ನ ಒಂದು ಗಿಡದ ಬೇರಿನ ಎಳೆ ತುದಿಗಳೆಲ್ಲ ಕಪ್ಪಾದವು. ಮದ್ದು ಹೊಡೆಯದ ಮರ ನೋಡಿ ಕಟ್ಟಿ. ಅದೇ ಎಳೆ ತುದಿ ಬಸವನಹುಳಕ್ಕೂ ಬಲು ಇಷ್ಟ. ಜುಲೈನಲ್ಲಿ ರಾತ್ರಿ ಊಟ ಆದಮೇಲೆ ಟಾರ್ಚ್ ಹಿಡಿದು ಹೆಕ್ಕುವುದು ನನ್ನ ಕೆಲಸ.

ಹೂವು ಎರಡು ವಾರ ಇರುತ್ತದೆ. ಬಾಡಿದ ದಂಡೆಯನ್ನು ಬುಡದಲ್ಲಿ ಕತ್ತರಿಸಿಬಿಡಿ. ಕಾಯಿ ಕಟ್ಟಿದರೆ ಗಿಡದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ. ಒಳಗಿನ ಬೀಜವೋ, ಧೂಳಿನಷ್ಟು ಸಣ್ಣ. ತನಗೆ ಒಗ್ಗುವ ಶಿಲೀಂಧ್ರ ಸಿಗದಿದ್ದರೆ ಮೊಳೆಯುವುದೇ ಇಲ್ಲ. ಆದರೂ ಅತ್ತೆ ಪ್ರತಿ ವರ್ಷ ಒಂದು ಕಾಯಿ ಬಿಡಿಸಿಕೊಂಡು, ಒಡೆದಾಗ ಹಲಸಿನ ಮರದ ಮೇಲೆ ಊದಿ ಬರುತ್ತಾರೆ. ಇನ್ನೂ ಒಂದೂ ಹುಟ್ಟಿಲ್ಲ.