ಹಾಯಿದೋಣಿ ಕೊಂಡ್ರಾ? ಡಿಎಂವಿ ಟೈಟಲ್ ಸಾಕೋ, ಕೋಸ್ಟ್ ಗಾರ್ಡ್ ಡಾಕ್ಯುಮೆಂಟೇಷನ್ ಬೇಕೋ

ಸ್ಯಾನ್ ಫ್ರಾನ್ಸಿಸ್ಕೋ ಬೇ ಸುತ್ತಮುತ್ತ ಹಳೇ ಹಾಯಿದೋಣಿ ಹಳೇ ಕಾರಿನ ದುಡ್ಡಿಗೇ ಸಿಗುತ್ತದೆ. ತಲೆ ಕೆಡುವುದು ಆಮೇಲೆ, ಕಾಗದಪತ್ರದ ಹೊತ್ತಿಗೆ. ದಾರಿ ಎರಡು. ಒಂದು, ಕ್ಯಾಲಿಫೋರ್ನಿಯಾ ಡಿಎಂವಿಯಲ್ಲಿ (ನಮ್ಮ ಆರ್‌ಟಿಓ ಥರದ ರಾಜ್ಯದ ವಾಹನ ಕಚೇರಿ) ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಮತ್ತು ರಿಜಿಸ್ಟ್ರೇಷನ್, ನಮ್ಮೂರ ಆರ್‌ಸಿ ಬುಕ್ ಥರ. ಇನ್ನೊಂದು, ಕೋಸ್ಟ್ ಗಾರ್ಡ್ (ಕರಾವಳಿ ಕಾವಲು ಪಡೆ) ಕೊಡುವ ಫೆಡರಲ್ ಡಾಕ್ಯುಮೆಂಟೇಷನ್, ಅಂದರೆ ಕೇಂದ್ರ ಸರ್ಕಾರದ ನೋಂದಣಿ. ಎರಡೂ ಕಡೆ ಟೈಟಲ್ ಇಟ್ಟುಕೊಳ್ಳುವ ಹಾಗಿಲ್ಲ.

ದೋಣಿ ನೋಡುವ ಮೊದಲು ನಿಮ್ಮ ಪಾಸ್‌ಪೋರ್ಟ್ ನೋಡಿಕೊಳ್ಳಿ. ಡಾಕ್ಯುಮೆಂಟೇಷನ್ ಅಮೆರಿಕನ್ ಪ್ರಜೆಗಳಿಗೆ ಮಾತ್ರ. ಎಚ್-1ಬಿ ವೀಸಾ ಆಗಲ್ಲ, ಗ್ರೀನ್ ಕಾರ್ಡ್ ಕೂಡ ಆಗಲ್ಲ. ನೀವು ಸಿಟಿಜನ್ ಆಗಿದ್ದು, ಹೆಂಡತಿ ಇನ್ನೂ ಗ್ರೀನ್ ಕಾರ್ಡ್‌ನಲ್ಲಿದ್ದು, ಪ್ರೀತಿಯಿಂದ ಇಬ್ಬರ ಹೆಸರಲ್ಲೂ ಬರೆಸಿದರೆ ಅಲ್ಲಿಗೆ ಆ ದಾರಿ ಮುಚ್ಚಿತು. ನಮ್ಮವರಲ್ಲಿ ಅರ್ಧ ಜನಕ್ಕೆ ಪ್ರಶ್ನೆ ಇಲ್ಲೇ ಮುಗಿಯುತ್ತದೆ, ಸೀದಾ ಡಿಎಂವಿಗೆ ಹೋಗಿ.

ಸಿಟಿಜನ್ ಆಗಿದ್ದರೆ ಟೇಪು ಹಿಡಿಯಿರಿ. ದೋಣಿ ಕನಿಷ್ಠ 5 ನೆಟ್ ಟನ್ ಇರಬೇಕು. ಇದು ತೂಕ ಅಲ್ಲ, ಒಳಗಿನ ಜಾಗದ ಅಳತೆ. ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ, 100ರಿಂದ ಭಾಗಿಸಿ, ಅರ್ಧ ಮಾಡಿ. ಅದು ಗ್ರಾಸ್ ಟನ್. ಒಳಗೆ ಇಂಜಿನ್ ಇರುವ ಹಾಯಿದೋಣಿಗೆ ಅದರ ಶೇ. 90 ನೆಟ್. ಆಳ ಅಳೆಯುವಾಗ ದೋಣಿಯ ತಳದಿಂದ ಕೆಳಗೆ ಇಳಿಬಿದ್ದ ಕೀಲ್ (ದೋಣಿ ಮಗುಚದಂತೆ ಹಿಡಿಯುವ ರೆಕ್ಕೆ) ಸೇರಿಸಬೇಡಿ. ನನ್ನ ದೋಣಿ ಕ್ಯಾಟಲಿನಾ 22 ಅನ್ನೋ ಮಾಡೆಲ್. ಇಪ್ಪತ್ತೊಂದೂವರೆ ಅಡಿ ಉದ್ದ, ಏಳೂ ಮುಕ್ಕಾಲು ಅಡಿ ಅಗಲ, ಆಳ ಸುಮಾರು ನಾಲ್ಕು ಅಂತ ಹಿಡಿದರೂ ಗ್ರಾಸ್ ಮೂರೂ ಚಿಲ್ಲರೆ ಟನ್ ದಾಟಲಿಲ್ಲ. ಸಾಮಾನ್ಯವಾಗಿ 27 ಅಡಿ ಹತ್ತಿರ ಬಂದ ಮೇಲೇ ಈ ಮಾತು.

ಅಳತೆಯಲ್ಲಿ ಪಾಸಾದರೂ ಬೇಕಾ ಅಂತ ಕೇಳಿಕೊಳ್ಳಿ. ಬ್ಯಾಂಕ್ ಸಾಲ ತೆಗೆದು ದೊಡ್ಡ ದೋಣಿ ಕೊಳ್ಳುವವರಿಗೆ ಬ್ಯಾಂಕಿನವರೇ ಡಾಕ್ಯುಮೆಂಟೇಷನ್ ಮಾಡಿಸಿ ಅನ್ನುತ್ತಾರೆ, ಅಡಮಾನ ಅದರ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಮೆಕ್ಸಿಕೋ ದಾಟಿ ದೂರ ಹೋಗುವವರಿಗೂ ದೋಣಿಯ ರಾಷ್ಟ್ರೀಯತೆಗೆ ಒಳ್ಳೇ ಪುರಾವೆ. ಬರ್ಕ್ಲಿ ಮರೀನಾದಿಂದ ಹೊರಟು ಏಂಜೆಲ್ ಐಲೆಂಡ್ ಹತ್ತಿರ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ವಾಪಸ್ ಬರುವವರಿಗೆ ಇದೆಲ್ಲ ಸುಮ್ನೆ ಖರ್ಚು. ತೆರಿಗೆ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೌಂಟಿಯವರ ಪ್ರಾಪರ್ಟಿ ಟ್ಯಾಕ್ಸ್ ಎರಡಕ್ಕೂ ಇದೆ.

ಡಿಎಂವಿ ದಾರಿಯಲ್ಲಿ ಸಿಎಫ್ ನಂಬರ್ (ಸಿಎಫ್ ಅಂತ ಶುರುವಾಗುವ ನೋಂದಣಿ ಸಂಖ್ಯೆ) ಸಿಗುತ್ತದೆ. ಅದನ್ನು ಬರೆಸಬೇಕಾದ್ದು ದೋಣಿಯ ಮುಂಭಾಗದ ಎರಡೂ ಬದಿಗೆ, 3 ಇಂಚು ಎತ್ತರದ ಅಕ್ಷರದಲ್ಲಿ. ರಿಜಿಸ್ಟ್ರೇಷನ್ ಬೆಸ ವರ್ಷದ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಎರಡು ವರ್ಷಕ್ಕೊಮ್ಮೆ ಕಟ್ಟಿದರಾಯಿತು. ಡಾಕ್ಯುಮೆಂಟೆಡ್ ದೋಣಿಗೆ ಸಿಎಫ್ ನಂಬರ್ ಬೇಡ, ಹೊರಗೆ ದೋಣಿಯ ಹೆಸರು, ಅದರ ಊರು 4 ಇಂಚಿನ ಅಕ್ಷರದಲ್ಲಿ ಕಾಣಬೇಕು. ಹೆಸರು ಲ್ಯಾಟಿನ್ ಲಿಪಿಯಲ್ಲೇ ಇರಬೇಕು, ಊರು ಅಮೆರಿಕದ್ದೇ ಆಗಬೇಕು. 'ಕಾವೇರಿ, ಮಂಗಳೂರು' ಅಂತ ಬರೆಸುವ ಆಸೆ ನನಗಿತ್ತು, ಬಿಡಿ.

ಡಾಕ್ಯುಮೆಂಟೇಷನ್ ಮಾಡಿಸಿದವರಿಗೆ ಒಂದು ಎಚ್ಚರಿಕೆ. ನವೀಕರಣ ಅಂತ ಸರ್ಕಾರಿ ಪತ್ರದ ಥರವೇ ಕಾಣುವ ಕಾಗದ ಅಂಚೆಯಲ್ಲಿ ಬರುತ್ತದೆ. ನನ್ನ ಗೆಳೆಯನಿಗೆ ಬಂದಿತ್ತು, ನೋಡದೆ ಕಾರ್ಡ್ ನಂಬರ್ ಕೊಟ್ಟು, ಎಷ್ಟೋ ಪಟ್ಟು ಜಾಸ್ತಿ ತೆತ್ತ. ಅದು ಯಾವುದೋ ಖಾಸಗಿ ಮಧ್ಯವರ್ತಿಯದು. ವೆಸ್ಟ್ ವರ್ಜೀನಿಯಾದಲ್ಲಿರುವ ಕೋಸ್ಟ್ ಗಾರ್ಡ್ ಕಚೇರಿಗೆ ನೀವೇ ನೇರವಾಗಿ ಕಟ್ಟಿದರೆ ವರ್ಷಕ್ಕೆ 26 ಡಾಲರ್.

ಇನ್ನು ಹಳೇ ಮಾಲೀಕ ಮೊದಲೇ ಡಾಕ್ಯುಮೆಂಟ್ ಮಾಡಿಸಿದ ದೋಣಿ ಕೊಳ್ಳುತ್ತಿದ್ದರೆ, ಮುಂಗಡ ಕೊಡುವ ಮೊದಲೇ ಅದೇ ಕಚೇರಿಯಿಂದ 'ಅಬ್‌ಸ್ಟ್ರಾಕ್ಟ್ ಆಫ್ ಟೈಟಲ್' ತರಿಸಿ ನೋಡಿ. ತೀರದ ಸಾಲ, ಹಿಂದಿನ ಮಾಲೀಕರು ಎಲ್ಲ ಅದರಲ್ಲಿ ಸಿಗುತ್ತದೆ, ನಮ್ಮ ಕಡೆ ಸೈಟು ಕೊಳ್ಳುವಾಗ ಇಸಿ ತೆಗೆಸುತ್ತೇವಲ್ಲ ಹಾಗೆ. ನೀವು ಗ್ರೀನ್ ಕಾರ್ಡ್‌ನವರಾದರೆ ಆ ದೋಣಿಯನ್ನು ಫೆಡರಲ್ ದಾಖಲೆಯಿಂದ ತೆಗೆಸಿ, ಆ ಪತ್ರ ಹಿಡಿದುಕೊಂಡೇ ಡಿಎಂವಿ ಕೌಂಟರ್‌ಗೆ ಹೋಗಿ.