ಕಡಿಮೆ ಬಜೆಟ್ ಸಿನಿಮಾ: ನಡುಮನೆಯ ದೃಶ್ಯಕ್ಕೆ ಕ್ಯಾಮೆರಾ, ದೀಪ ಹೊಂದಿಸುವುದು ಹೇಗೆ?

ಕ್ಯಾಮೆರಾ ಬಾಡಿಗೆಗೆ ಮೊದಲು ದುಡ್ಡು ಎತ್ತಿಟ್ಟು, ಮಿಕ್ಕಿದ್ದರಲ್ಲಿ ದೀಪ ನೋಡುವುದು ಹೊಸಬರ ರೂಢಿ. ಅದನ್ನು ತಿರುಗಿಸಿ. ಮಧ್ಯಮ ದರ್ಜೆಯ ಕ್ಯಾಮೆರಾ ಒಳ್ಳೆಯ ಬೆಳಕಿನಲ್ಲಿ ದುಬಾರಿಯಂತೆ ಕಾಣುತ್ತದೆ. ದುಬಾರಿ ಕ್ಯಾಮೆರಾ ಕೆಟ್ಟ ಬೆಳಕಿನಲ್ಲಿ ಮದುವೆ ವಿಡಿಯೊದಂತೆ ಕಾಣುತ್ತದೆ. ಹಳೆಯ ಮನೆಯ ನಡುಮನೆ, ಹಗಲು ಹೊತ್ತು, ಇಬ್ಬರ ಮಾತುಕತೆ, ನಾಲ್ಕೈದು ಜನರ ತಂಡ ಎಂದಿಟ್ಟುಕೊಳ್ಳೋಣ.

1. ಮೊದಲು ಜಾಗ

ಶೂಟಿಂಗ್ ಮಾಡುವ ಹೊತ್ತಿಗೇ ಹೋಗಿ ನೋಡಿ. ಹಸಿರು ಗೋಡೆಯ ಪಕ್ಕ ಒಬ್ಬರನ್ನು ನಿಲ್ಲಿಸಿದರೆ ಆ ಬದಿಯ ಕೆನ್ನೆ ಹಸಿರಾಗುತ್ತದೆ. ರೆಡ್ ಆಕ್ಸೈಡ್ ನೆಲದ ಮೇಲೆ ಬಿಸಿಲು ಬಿದ್ದರೆ ಗದ್ದದ ಕೆಳಗೆ ಕೆಂಪು ಏರುತ್ತದೆ. ಎಡಿಟಿಂಗ್‌ನಲ್ಲಿ ಇದನ್ನು ತೆಗೆಯುವುದು ಕಷ್ಟ, ಏಕೆಂದರೆ ಬಣ್ಣ ಹತ್ತಿರುವುದು ಮುಖದ ಒಂದು ಭಾಗಕ್ಕೆ ಮಾತ್ರ. ಫ್ರೇಮಿಗೆ ಬಾರದ ಕಡೆ ಗೋಡೆಗೆ ಕಪ್ಪು ಬಟ್ಟೆ ಕಟ್ಟಿ, ನೆಲಕ್ಕೆ ಗಾಢ ಬಣ್ಣದ ಜಮಖಾನ ಹಾಸಿ.

ಸ್ವಿಚ್‌ಬೋರ್ಡನ್ನೂ ನೋಡಿ. 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ಹೆಚ್ಚೆಂದರೆ 1,380 ವ್ಯಾಟ್ ತಡೆಯುತ್ತದೆ. ಎಲ್‌ಇಡಿ ದೀಪಗಳಿಗೆ ಅದು ಸಾಕು. 2 ಕಿಲೋವ್ಯಾಟ್ ಟಂಗ್‌ಸ್ಟನ್ ದೀಪಕ್ಕೆ 16 ಆಂಪಿಯರ್‌ನದೇ ಬೇಕು. ಸದ್ದಿಗಾಗಿ ಫ್ರಿಜ್ ಆಫ್ ಮಾಡಿದರೆ ನಿಮ್ಮ ಗಾಡಿ ಕೀಲಿಯನ್ನು ಅದರೊಳಗಿಡಿ. ಮತ್ತೆ ಆನ್ ಮಾಡದೆ ಹೊರಡಲಾಗುವುದಿಲ್ಲ.

2. ಫ್ರೇಮ್ ರೇಟ್, ಶಟರ್

ಸೆಕೆಂಡಿಗೆ 25 ಫ್ರೇಮ್, 1/50 ಶಟರ್ (ಒಂದೊಂದು ಫ್ರೇಮೂ ಬೆಳಕು ಹಿಡಿಯುವುದು ಸೆಕೆಂಡಿನ ಐವತ್ತರಲ್ಲೊಂದು ಭಾಗ) ಇಡಿ. ನಮ್ಮ ಕರೆಂಟ್ 50 ಹರ್ಟ್ಸ್. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ, ಅಂದರೆ 1/50 ಸೆಕೆಂಡಿನಲ್ಲಿ ಸರಿಯಾಗಿ ಎರಡು ಸಲ ಮಿನುಗುತ್ತದೆ. ಶಟರ್ 1/60 ಇದ್ದರೆ ಚಿತ್ರದಲ್ಲಿ ಪಟ್ಟೆಗಳು ಹರಿಯುತ್ತವೆ. 24 ಫ್ರೇಮೇ ಬೇಕೆಂದರೂ ಶಟರ್ 1/50 ಇರಲಿ. ಅಗ್ಗದ ಎಲ್‌ಇಡಿ ಪ್ಯಾನೆಲ್‌ಗಳು ಬೆಳಕು ತಗ್ಗಿಸಿದಾಗಲೂ ಮಿನುಗಬಹುದು. ಬಾಡಿಗೆಗೆ ತರುವ ಮುನ್ನ ದೀಪವನ್ನು 10 ಶೇಕಡಕ್ಕೆ ಇಳಿಸಿ, ಶಟರ್ 1/1000 ಇಟ್ಟು ನೋಡಿ; ಪಟ್ಟೆ ಕಂಡರೆ ಬೇರೆ ದೀಪ ಕೇಳಿ.

3. ಕ್ಯಾಮೆರಾ, ಲೆನ್ಸ್

ಫೋಕಸ್ ಎಳೆಯಲು ಪ್ರತ್ಯೇಕ ಸಹಾಯಕರಿಲ್ಲದಿದ್ದರೆ ಸೋನಿ ಎಫ್‌ಎಕ್ಸ್3 ತರಹದ, ಆಟೊಫೋಕಸ್ ನಂಬಬಹುದಾದ ಕ್ಯಾಮೆರಾ ವಾಸಿ. ಇದರಲ್ಲಿ ಒಳಗೇ ಎನ್‌ಡಿ ಫಿಲ್ಟರ್ (ಬಣ್ಣ ಕೆಡಿಸದೆ ಬೆಳಕು ತಗ್ಗಿಸುವ ಕಪ್ಪು ಗಾಜು) ಇಲ್ಲ, ಹೊರಾಂಗಣಕ್ಕೆ ಬೇರೆ ತರಬೇಕು. ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 6ಕೆ ಪ್ರೊನಲ್ಲಿ 2, 4, 6 ಸ್ಟಾಪ್ ಎನ್‌ಡಿ ಒಳಗೇ ಇದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟಾಗುವುದು), ಆದರೆ ನಡೆಯುವ ನಟರನ್ನು ಅದರ ಫೋಕಸ್ ಹಿಂಬಾಲಿಸುವುದಿಲ್ಲ.

ಲೆನ್ಸ್ ಎಫ್1.4 ಎಂದು ಹಿಗ್ಗಬೇಡಿ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ದೊಡ್ಡದಾಗಿ ತೆರೆದು ಹೆಚ್ಚು ಬೆಳಕು ಬಿಡುತ್ತದೆ). ಫುಲ್‌ಫ್ರೇಮ್ ಸೆನ್ಸರ್‌ನಲ್ಲಿ (ಎಫ್‌ಎಕ್ಸ್3ರದು ಇದೇ) 50 ಎಂಎಂ ಲೆನ್ಸ್, ಒಂದೂವರೆ ಮೀಟರ್ ದೂರ, ಎಫ್1.4 ಆದರೆ ಸ್ಪಷ್ಟವಾಗಿರುವುದು ಸುಮಾರು 7 ಸೆಂಟಿಮೀಟರ್ ಮಾತ್ರ. ಕಾಫಿ ಲೋಟಕ್ಕೆ ನಟಿ ಬಾಗಿದಳೆಂದರೆ ಕಣ್ಣು ಮಸುಕು. ಎಫ್2.8ಕ್ಕೆ ಅದು 15 ಸೆಂಟಿಮೀಟರ್ ಆಗುತ್ತದೆ. ಅದಕ್ಕೆ ಬೇಕಾದ ಎರಡು ಸ್ಟಾಪ್ ಬೆಳಕನ್ನು ದೀಪದಿಂದ ತನ್ನಿ.

4. ದೀಪ

ಎರಡು ಸಾಕು: 300 ವ್ಯಾಟ್‌ನದೊಂದು, 60 ವ್ಯಾಟ್‌ನದೊಂದು, ಎರಡೂ ಡೇಲೈಟ್ (ಹಗಲಿನ ಬೆಳಕಿನ ಬಣ್ಣದ) ಎಲ್‌ಇಡಿ. ದೊಡ್ಡದನ್ನು ಕಿಟಕಿಯ ಹೊರಗೆ ಎತ್ತರದ ಸ್ಟ್ಯಾಂಡ್‌ಗೆ ಹಾಕಿ, ಕಿಟಕಿಗೆ ಟ್ರೇಸಿಂಗ್ ಪೇಪರ್ ಅಥವಾ ತೆಳು ಬಿಳಿ ಬಟ್ಟೆ ಕಟ್ಟಿ. ನೀಲಿ ಹಾಕಿ ಒಗೆದ ಬಟ್ಟೆ ಬೇಡ, ಬೆಳಕೂ ನೀಲಿಗೆ ತಿರುಗುತ್ತದೆ. ನೇರ ಬಿಸಿಲು ಬೀಳುವ ಕಿಟಕಿಯನ್ನು ಮಾತ್ರ ಆರಿಸಬೇಡಿ. ಬಿಸಿಲಿನ ಮುಂದೆ 300 ವ್ಯಾಟ್ ಏನೂ ಅಲ್ಲ. ನೆರಳಿನ ಕಿಟಕಿಯಾದರೆ ಮೋಡ ಬಂದು ಹೋದರೂ ಮುಖದ ಮೇಲೆ ಅಷ್ಟು ಏರಿಳಿತ ಕಾಣದು.

ಎದುರು ಬದಿಗೆ ಇನ್ನೊಂದು ದೀಪ ಹಚ್ಚುವ ಆಸೆ ಬೇಡ, ಮೂಗಿನ ಎರಡೂ ಕಡೆ ನೆರಳು ಬೀಳುತ್ತದೆ. ಅಲ್ಲಿ ಒಂದು ಥರ್ಮಾಕೋಲ್ ಶೀಟ್ ನಿಲ್ಲಿಸಿ. ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ದೂರ ಸರಿಸಿದರೆ ಗಾಢವಾಗುತ್ತದೆ. ಬೆಳಕಿನ ಬದಿಗಿಂತ ನೆರಳಿನ ಬದಿ ಎರಡು ಸ್ಟಾಪ್ ಕಡಿಮೆ ಇದ್ದರೆ ಗಂಭೀರ ಸಂಭಾಷಣೆಗೆ ಹೊಂದುತ್ತದೆ. 60 ವ್ಯಾಟ್‌ನ ದೀಪವನ್ನು ಹಿಂದಿನ ಕೋಣೆಗೆ ಬಿಡಿ, ಬಾಗಿಲಾಚೆ ಕತ್ತಲಾಗಿದ್ದರೆ ಫ್ರೇಮ್ ಚಪ್ಪಟೆಯಾಗಿ ಕಾಣುತ್ತದೆ.

ಹಿಂದಿನ ಗೋಡೆ ಅತಿಯಾಗಿ ಬೆಳಗುತ್ತಿದ್ದರೆ ದೀಪದ ಶಕ್ತಿ ಇಳಿಸುವುದಕ್ಕಿಂತ ಅದನ್ನು ನಟರ ಹತ್ತಿರಕ್ಕೆ ತನ್ನಿ. ದೀಪದಿಂದ ನಟರು 1 ಮೀಟರ್, ಗೋಡೆ 3 ಮೀಟರ್ ದೂರದಲ್ಲಿದ್ದರೆ ಗೋಡೆಗೆ ಸಿಗುವುದು ಮುಖದ ಬೆಳಕಿನ ಒಂಬತ್ತರಲ್ಲೊಂದು ಭಾಗ. ನಟರೂ ಗೋಡೆಯೂ ಅಲ್ಲೇ ಇದ್ದು ದೀಪ ನಟರಿಂದ 3 ಮೀಟರ್ ದೂರಕ್ಕೆ ಹೋದರೆ ಅದು ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚಾಗುತ್ತದೆ. ನಡುಮನೆಯಲ್ಲಿದ್ದ ಟ್ಯೂಬ್‌ಲೈಟ್, ಬಲ್ಬುಗಳನ್ನು ಆಫ್ ಮಾಡಿ. ಡೇಲೈಟ್ ಜತೆ ಅವುಗಳ ಬಣ್ಣ ಸೇರಿದರೆ ಮುಖದ ಬಣ್ಣ ಕೆಡುತ್ತದೆ.

5. ಎಕ್ಸ್‌ಪೋಷರ್, ಕಾರ್ಡ್

ಎಸ್-ಲಾಗ್3ರಲ್ಲಿ (ಬಣ್ಣವನ್ನು ಆಮೇಲೆ ತಿದ್ದಲೆಂದು ಚಿತ್ರವನ್ನು ಮಂಕಾಗಿ ಹಿಡಿಯುವ ಸೋನಿ ಸೆಟ್ಟಿಂಗ್) ಗ್ರೇ ಕಾರ್ಡ್ (ಬೆಳಕು ಅಳೆಯಲು ನಟರ ಜಾಗದಲ್ಲಿ ಹಿಡಿಯುವ ಬೂದು ಹಲಗೆ) ಕ್ಯಾಮೆರಾದ ಬೆಳಕಿನ ಅಳತೆಯಲ್ಲಿ 41 ಶೇಕಡಕ್ಕೆ ಬರುವಂತೆ ಇಟ್ಟು, ಅಲ್ಲಿಂದ ಒಂದು ಸ್ಟಾಪ್ ಹೆಚ್ಚಿಸಿ. ನೆರಳಿನಲ್ಲಿ ಗ್ರೇನ್ ಕಡಿಮೆಯಾಗುತ್ತದೆ. ಬಿಳಿ ಚರ್ಮಕ್ಕೆಂದು ಹೇಳಿದ ಜೀಬ್ರಾ (ಇಷ್ಟು ಬೆಳಕಿರುವ ಜಾಗಕ್ಕೆ ಪರದೆಯಲ್ಲಿ ಪಟ್ಟೆ ಮೂಡಿಸುವ ಸೌಲಭ್ಯ) ಅಂಕಿಗಳನ್ನು ನಮ್ಮ ಕಂದು ಮೈಬಣ್ಣಕ್ಕೆ ಹಾಕಿದರೆ ಮುಖ ಅತಿಯಾಗಿ ಬೆಳಗುತ್ತದೆ. ಗ್ರೇ ಕಾರ್ಡನ್ನೇ ನಂಬಿ.

ಎಫ್‌ಎಕ್ಸ್3ರಲ್ಲಿ 4ಕೆ ಎಕ್ಸ್‌ಎವಿಸಿ ಎಸ್-ಐ (ಸೋನಿಯ ಒಂದು ರೆಕಾರ್ಡಿಂಗ್ ಫಾರ್ಮ್ಯಾಟ್), 25 ಫ್ರೇಮ್‌ಗೆ ಗಂಟೆಗೆ ಸುಮಾರು 112 ಜಿಬಿ ಬೇಕು. 160 ಜಿಬಿಯ ಎರಡು ಮೆಮೊರಿ ಕಾರ್ಡ್ ಇದ್ದರೆ ಊಟದ ಹೊತ್ತಿಗೆ ಒಂದನ್ನು ಎರಡು ಹಾರ್ಡ್‌ಡಿಸ್ಕ್‌ಗೆ ಇಳಿಸಿ. ಎರಡರಲ್ಲೂ ಕ್ಲಿಪ್ ತೆರೆದು ನೋಡಿದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್ ಮಾಡಿ, ಅದೂ ಲ್ಯಾಪ್‌ಟಾಪ್‌ನಲ್ಲಲ್ಲ, ಕ್ಯಾಮೆರಾದಲ್ಲೇ.