ಮೊದಲ ಜೇನುಪೆಟ್ಟಿಗೆಯನ್ನು ಮಳೆಗಾಲ ದಾಟಿಸುವುದು ಹೇಗೆ?

ನಮ್ಮನೆ ಅಟ್ಟದ ಮೇಲೆ ಎಂಟು ಖಾಲಿ ಜೇನುಪೆಟ್ಟಿಗೆಗಳಿದ್ದವು. ಮಾವ ಸಾಕಿದ್ದ ಜೇನಿನವು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ನಮ್ಮ ಕಡೆಯ ತುಡುವೆ ಜೇನನ್ನು ಗುಡಿಸಿ ಹಾಕಿತಲ್ಲ, ಆಗ ಖಾಲಿಯಾದವು. ನಾನು ಅವನ್ನು ಕೆಳಗಿಳಿಸಿದ ದಿನ ಮಾವ ಹೇಳಿದ್ದು ಒಂದೇ ಮಾತು: "ಮೊದಲ ವರ್ಷ ಜೇನುತುಪ್ಪದ ಆಸೆ ಬಿಡು ಕೂಸೆ. ಮಳೆಗಾಲ ದಾಟಿಸು, ಸಾಕು."

ನಾನು ಕೇಳಲಿಲ್ಲ. ಮೇ ತಿಂಗಳಲ್ಲಿ ಇದ್ದ ತುಪ್ಪವನ್ನೆಲ್ಲ ತೆಗೆದೆ. ಜುಲೈಯಲ್ಲಿ ಮುಚ್ಚಳ ಎತ್ತಿದರೆ ಒಂದು ನೊಣವೂ ಇಲ್ಲ. ಖಾಲಿ ಎರಿಯ, ಅಂದರೆ ಮೇಣದ ಗೂಡಿನ, ತುಂಬ ಬಲೆ ಕಟ್ಟಿಕೊಂಡು ಮೇಣದ ಹುಳು ಓಡಾಡುತ್ತಿತ್ತು. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಿದ್ದಾಪುರದ ಕಡೆ ಎರಡು ಎಕರೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಇಂಥ ಜಾಗಕ್ಕೆ ತುಡುವೆಯೇ ಸರಿ. ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟುವಂಥವು, ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ತುಡುವೆ ಕತ್ತಲೆ ಪೊಟರೆಯೊಳಗೆ ಸಾಲಾಗಿ ಎರಿ ಕಟ್ಟುತ್ತದೆ. ಅದಕ್ಕೇ ಪೆಟ್ಟಿಗೆಗೆ ಒಗ್ಗುತ್ತದೆ.

ಶುರು ಮಾಡುವುದಾದರೆ ಎರಡು ಕುಟುಂಬ ತನ್ನಿ, ಒಂದಲ್ಲ. ಒಂದರ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯಿರುವ ಎರಿ ಕೊಡಬಹುದು. ಕೆಲಸಗಾರ ನೊಣಗಳು ಆ ಮೊಟ್ಟೆಯಿಂದಲೇ ಹೊಸ ರಾಣಿ ಮಾಡಿಕೊಳ್ಳುತ್ತವೆ. ತರುವ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮಳೆ ಮುಗಿದಿರುತ್ತದೆ, ಹೂವಿನ ಕಾಲ ಮುಂದಿರುತ್ತದೆ. ಹತ್ತಿರದಲ್ಲೇ ಸಾಕುವವರಿಂದ ತಂದರೆ ಒಳ್ಳೆಯದು. ತರಬೇತಿ, ಸಹಾಯಧನದ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಹಳೆ ಪೆಟ್ಟಿಗೆಯಾದರೆ ಒಳಗೆಲ್ಲ ಕೆರೆದು, ಬಿಸಿನೀರಲ್ಲಿ ತೊಳೆದು, ನಾಲ್ಕು ದಿನ ಬಿಸಿಲಿಗಿಡಿ. ನಾನು ಒಣಗಿದ ತೆಂಗಿನ ಗರಿಯ ಸೂಡಿ ಹಚ್ಚಿ ಒಳಮೈಗೂ ಬೆಂಕಿ ತಾಗಿಸಿದ್ದೆ.

ಜಾಗ ಹೇಗಿರಬೇಕು? ಬೆಳಗಿನ ಎಳೆ ಬಿಸಿಲು ಬೀಳಬೇಕು, ಮಧ್ಯಾಹ್ನ ನೆರಳು ಬೇಕು. ತೋಟದ ಒಳಗೆ ತೇವ ಜಾಸ್ತಿ, ಅಲ್ಲಿ ಬೇಡ. ನಾನು ಅಂಗಳದಾಚೆ ಹಲಸಿನ ಮರದ ಪಕ್ಕ ಇಟ್ಟಿದ್ದೇನೆ, ಬಾಗಿಲು ಪೂರ್ವಕ್ಕೆ. ಎರಡು ಅಡಿ ಎತ್ತರದ ಸ್ಟ್ಯಾಂಡು, ಅದರ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು. ಬಟ್ಟಲು ಒಣಗಿತೋ, ಒಂದೇ ರಾತ್ರಿಯಲ್ಲಿ ಇರುವೆ ಹತ್ತುತ್ತದೆ. ಸ್ಟ್ಯಾಂಡಿಗೆ ತಾಗುವ ಹುಲ್ಲನ್ನೂ ಕೊಯ್ಯುತ್ತಿರಿ. ಇರುವೆಗೆ ಅದೇ ಸೇತುವೆ.

ಪೆಟ್ಟಿಗೆ ತೆರೆಯುವುದನ್ನು ಮಾತ್ರ ನಿಧಾನವಾಗಿ ಕಲಿಯಿರಿ. ಬಿಸಿಲಿರುವ ಬೆಳಿಗ್ಗೆ, ಹತ್ತು ದಿನಕ್ಕೊಮ್ಮೆ ಸಾಕು. ಬಾಗಿಲ ಎದುರು ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಒಂದಿಷ್ಟು ಹೊಗೆ ಕೊಟ್ಟು ಒಂದು ನಿಮಿಷ ಕಾಯಿರಿ. ಚೌಕಟ್ಟನ್ನು ನೇರವಾಗಿ ಮೇಲಕ್ಕೆ ಎಳೆದು, ಪೆಟ್ಟಿಗೆಯ ಮೇಲೆಯೇ ಹಿಡಿದು ನೋಡಿ. ರಾಣಿ ಬಿದ್ದರೂ ಒಳಗೇ ಬೀಳುತ್ತಾಳೆ. ಎರಿಯನ್ನು ತಟ್ಟೆಯ ಹಾಗೆ ಮಲಗಿಸಬೇಡಿ. ಹೊಸ ಎರಿ ಬೆಣ್ಣೆಯಷ್ಟು ಮೆತ್ತಗಿರುತ್ತದೆ, ತುಪ್ಪದ ಭಾರಕ್ಕೆ ಮುರಿದು ಬೀಳುತ್ತದೆ.

ರಾಣಿಯನ್ನೇ ಹುಡುಕಬೇಕೆಂದಿಲ್ಲ, ಮೊಟ್ಟೆ ನೋಡಿದರೆ ಸಾಕು. ಬಿಸಿಲು ನಿಮ್ಮ ಭುಜದ ಹಿಂದಿನಿಂದ ಎರಿಯ ಕಣ್ಣುಗಳೊಳಗೆ, ಅಂದರೆ ಅದರ ಪುಟ್ಟ ಕೋಣೆಗಳೊಳಗೆ, ಬೀಳುವಂತೆ ಹಿಡಿಯಿರಿ. ತಳದಲ್ಲಿ ದಾರದ ತುಂಡಿನಂಥ ಬಿಳಿ ಮೊಟ್ಟೆ ನಿಂತಿರುತ್ತದೆ. ಕಣ್ಣಿಗೊಂದೇ ಮೊಟ್ಟೆಯಿದ್ದರೆ ರಾಣಿ ಚೆನ್ನಾಗಿದ್ದಾಳೆ. ಹೆಚ್ಚಿನ ಕಣ್ಣುಗಳಲ್ಲಿ ಮೂರು ನಾಲ್ಕು, ಗೋಡೆಗೂ ಅಂಟಿಕೊಂಡಿದ್ದರೆ ರಾಣಿ ಹೋಗಿ ಬಹಳ ದಿನವಾಗಿದೆ, ಕೆಲಸಗಾರ ನೊಣಗಳೇ ಮೊಟ್ಟೆಯಿಡುತ್ತಿವೆ ಎಂದರ್ಥ. ಮರಿಗಳು ತಲೆಯೆತ್ತಿ ಸತ್ತಿದ್ದರೆ, ಎತ್ತಿದಾಗ ನೀರು ತುಂಬಿದ ಚೀಲದಂತೆ ಬಂದರೆ, ಅದೇ ಹಳೆಯ ರೋಗ. ಆ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಲೇಬೇಡಿ. ಕೈ, ಚಾಕು ತೊಳೆದೇ ಮುಂದಿನದನ್ನು ಮುಟ್ಟಿ.

ಕಚ್ಚುತ್ತದೆ, ಕಚ್ಚದೇ ಇರುವುದಿಲ್ಲ. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ತುಟಿ ಬಾತರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ.

ಜನವರಿಯಿಂದ ನಮ್ಮಲ್ಲಿ ಹೂವು ಒಂದರ ಹಿಂದೊಂದು ಬರುತ್ತವೆ. ಸಂಸಾರಕೋಣೆ, ಅಂದರೆ ಮೊಟ್ಟೆ-ಮರಿಗಳಿರುವ ಕೆಳಗಿನ ಕೋಣೆ, ನೊಣದಿಂದ ತುಂಬಿದ ಮೇಲೆ ತುಪ್ಪಕ್ಕೆಂದು ಮೇಲಿನ ಜೇನುಕೋಣೆ ಇಡಿ. ಎರಿಯ ಕೆಳ ಅಂಚಿನಲ್ಲಿ ಶೇಂಗಾಕಾಯಿಯಂತೆ ರಾಣಿಗೂಡು ಜೋತುಬಿದ್ದರೆ ಕುಟುಂಬ ಪಾಲಾಗಲು ಹೊರಟಿದೆ ಎಂದು ತಿಳಿಯಿರಿ. ತುಪ್ಪ ತೆಗೆಯುವುದು ಜೇನುಕೋಣೆಯಿಂದ ಮಾತ್ರ, ಅದೂ ಮುಕ್ಕಾಲು ಭಾಗ ಮೇಣದ ಮುಚ್ಚಳ ಬಿದ್ದ ಎರಿಯಿಂದ. ಹಸಿ ತುಪ್ಪ ಹುಳಿಬರುತ್ತದೆ. ಸಂಸಾರಕೋಣೆಯಲ್ಲಿ ಇರುವ ತುಪ್ಪ ಅವುಗಳ ಊಟ. ನಾನು ತಪ್ಪಿದ್ದು ಇಲ್ಲೇ.

ಜೂನ್ ಮೊದಲ ಮಳೆಗೆ ಮುಂಚೆ ಜೇನುಕೋಣೆ ತೆಗೆದಿಡಿ. ಮಳೆಗಾಲದಲ್ಲಿ ನೊಣ ಕಡಿಮೆಯಾಗುತ್ತದೆ. ನೊಣ ಮುಚ್ಚಿಕೊಳ್ಳದ ಕಪ್ಪು ಎರಿಗಳನ್ನೂ ತೆಗೆಯಿರಿ, ಮೇಣದ ಹುಳು ಸೇರುವುದೇ ಅಲ್ಲಿ. ತುಡುವೆ ಹಳೆ ಎರಿಯನ್ನು ಕಡಿದು ಪುಡಿ ಬೀಳಿಸುತ್ತದೆ. ಆ ಪುಡಿಯಲ್ಲೂ ಹುಳು ಬೆಳೆಯುತ್ತದೆ. ವಾರಕ್ಕೊಮ್ಮೆ ಅಡಿಮಣೆ ಮಾತ್ರ ಸರಿಸಿ ಒರೆಸಿ. ಸುಮ್ನೆ ಇಡೀ ಪೆಟ್ಟಿಗೆ ಬಿಚ್ಚಿ ಒಳಗಿನ ಬಿಸಿ ಕೆಡಿಸಬೇಡಿ. ಮೇಲೆ ತಗಡು ಹೊದಿಸಿ, ಹಾರಿ ಹೋಗದಂತೆ ಕಲ್ಲು ಹೇರಿ.

ಊಟ ಹೀಗೆ ಕೊಡಿ: ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ಕುದಿಸಿದ ನೀರು, ಕರಗಿಸಿ ಪೂರ್ತಿ ತಣಿಸಿ. ಬೆಲ್ಲ ಬೇಡ, ಹೊಟ್ಟೆ ಕೆಡುತ್ತದೆ. ತೆಂಗಿನ ಕರಟದಲ್ಲಿ ಹಾಕಿ, ನೊಣ ಮುಳುಗದಂತೆ ನಾಲ್ಕು ಒಣಕಡ್ಡಿ ತೇಲಿಸಿ, ಪೆಟ್ಟಿಗೆಯ ಒಳಗೇ ಇಡಿ. ಕತ್ತಲಾಗುವ ಹೊತ್ತಿಗೆ ಕೊಡಿ, ಹೊರಗೆ ಒಂದು ಹನಿಯೂ ಚೆಲ್ಲಬಾರದು. ವಾಸನೆ ಸಿಕ್ಕರೆ ಪಕ್ಕದ ಪೆಟ್ಟಿಗೆಯ ನೊಣವೇ ಲೂಟಿಗೆ ಬರುತ್ತದೆ. ನಾನು ವಾರಕ್ಕೊಮ್ಮೆ ಕಾಲು ಲೀಟರಿನಷ್ಟು ಕೊಡುತ್ತೇನೆ. ಬೆಳಿಗ್ಗೆ ಹಾಗೇ ಉಳಿದಿದ್ದರೆ ತೆಗೆದು ಚೆಲ್ಲಿ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ದಿನ ದ್ರಾವಣದ ಹನಿ ಪೆಟ್ಟಿಗೆಯ ಮೇಲೆ, ನೀರಿನ ಬಟ್ಟಲಿಗೆ ಬೀಳದಂತೆ ನೋಡಿಕೊಳ್ಳಿ.

ಮಳೆ ಹೊಳವಾದಾಗ ಬಾಗಿಲ ಹತ್ತಿರ ಐದು ನಿಮಿಷ ಕೂತು ನೋಡಿ. ಎರಡನೇ ವರ್ಷ ನನ್ನ ಪೆಟ್ಟಿಗೆ ಆಗಸ್ಟ್ ಕೊನೆಗೂ ಉಳಿದಿತ್ತು. ಒಂದು ನೊಣ ಹಿಂಗಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬಂದಿಳಿಯಿತು. ಬೇಲಿಯಂಚಿನ ನಾಚಿಕೆಮುಳ್ಳಿಂದ ತಂದಿದ್ದು. ಒಳಗೆ ಸಾಕಲು ಮರಿಗಳಿದ್ದಾಗಲೇ ನೊಣ ಹೆಚ್ಚಾಗಿ ಪರಾಗಕ್ಕೆ ಓಡಾಡುವುದು. ಮುಚ್ಚಳ ತೆರೆಯದೆ ಎದ್ದು, ಮಾವನಿಗೆ ಹೇಳಲು ಒಳಗೆ ಹೋದೆ.